ನಾಲ್ಕು ಮೂಲೆಗೆ ಅರಿಶಿನ

ಎಲ್ಲಕ್ಕೂ ಕಾರಣ ಒಂದು ಚಿಟಿಕೆ ಅರಿಶಿನ. ಅದಕ್ಕೂ ಹಿಂದಿನ ಕಾರಣ ಒಂದು ಜಿಂಕೆ.

ತಿಂಗಳ ಹಿಂದೆ ಬದರಿನಾಥ ಅಟ್ಲಾಂಟಾದ ಹೊರವಲಯದ ಅಲ್ಫರೆಟಾದಲ್ಲಿ, ತನ್ನ ಮನೆಯ ತಿರುವಿನಲ್ಲಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು, ಬಸುರಿ ಹೆಂಗಸು ಮೆಟ್ಟಿಲಿಳಿಯುವಷ್ಟು ನಿಧಾನವಾಗಿ ಬರುತ್ತಿದ್ದಾಗ ಪೊದೆಯಿಂದ ನೆಗೆದ ಜಿಂಕೆ ಅವನ ಕಾರಿಗೆ ಗುದ್ದಿತ್ತು. ಜಿಂಕೆ ಎದ್ದು ಮೈ ಕೊಡವಿಕೊಂಡು, ಪಕ್ಕದ ಮನೆಯವರ ಗುಲಾಬಿ ಮೊಗ್ಗೊಂದನ್ನು ಕಿತ್ತು ತಿಂದು ಹೊರಟುಹೋಯಿತು. ಕಾರು ಮಾತ್ರ ಏಳಲಿಲ್ಲ. ಇನ್ಶೂರೆನ್ಸ್ ಕಂಪನಿಯವರು ಅದನ್ನು ಎಳೆದೊಯ್ದು, ಬದಲಿಗೆ ಬದರಿನಾಥ ಮತ್ತು ಅವನ ಹೆಂಡತಿ ಹರಿಣಿ ಇಬ್ಬರ ಹೆಸರನ್ನೂ ಸೇರಿಸಿ ಏಳು ಸಾವಿರ ಡಾಲರಿನ ಚೆಕ್ಕು ಕಳಿಸಿದರು.

ಲಕೋಟೆ ಒಡೆದವರು ಬದರಿನಾಥನ ಅತ್ತೆ. ಮಗಳ ಮನೆಗೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ಅವರು, ಮನೆಗೆ ಬಂದ ದುಡ್ಡಿನ ಕಾಗದವನ್ನು ಬೋಳುಬೋಳಾಗಿ ಬಿಡುವವರಲ್ಲ. ಮೊದಲ ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಕಲಸಿದ ಅರಿಶಿನ ಹಚ್ಚಿ, ನೆತ್ತಿಗೊಂದು ಕುಂಕುಮದ ಬೊಟ್ಟಿಟ್ಟು, ಅಡುಗೆಮನೆಯ ಪ್ಯಾಂಟ್ರಿಯಲ್ಲಿದ್ದ ದೇವರ ಮುಂದೆ ಮಲಗಿಸಿದರು. ಆಮೇಲೆ ಪಂಚಾಂಗ ನೋಡಿದರು.

“ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಬ್ಯಾಂಕಿಗೆ ಹಾಕ್ಬಿಡಿ ಅಳಿಯಂದ್ರೇ. ಅವತ್ತೇ ಅಲ್ವಾ ನಿಮ್ಮ ಗ್ರೀನ್ ಕಾರ್ಡ್ ಇಂಟರ್ವ್ಯೂ? ಬೆಳಿಗ್ಗೆ ಲಕ್ಷ್ಮಿ ಒಳಗೆ ಬಂದ್ರೆ ಮಧ್ಯಾಹ್ನ ಸರಸ್ವತಿ ಬಾಯಿಗೆ ಬರ್ತಾಳೆ.”

“ಅಮ್ಮಾ, ರಾಹುಕಾಲ ಇಂಡಿಯಾ ಟೈಮಾ, ಇಲ್ಲಿ ಟೈಮಾ?” ಎಂದಳು ಹರಿಣಿ.

“ರಾಹು ಎಲ್ಲಿದ್ರೂ ರಾಹುನೇ ಕಣೇ.”

ಬದರಿನಾಥ ತಲೆಯಾಡಿಸಿದ. ಅವನು ಯಾವ ಭಯವನ್ನೂ ಅಲ್ಲಗಳೆದವನಲ್ಲ. ನಿಜ ಹೇಳಬೇಕೆಂದರೆ ಅವನ ಸಂಬಳವೇ ಹೆದರುವುದಕ್ಕೆ. ದೊಡ್ಡ ಕಂಪನಿಯೊಂದರಲ್ಲಿ ಬ್ಯಾಕಪ್ ನೋಡಿಕೊಳ್ಳುವುದು ಅವನ ಕೆಲಸ. ಅಟ್ಲಾಂಟಾ ನಾಳೆ ಮುಳುಗಿಹೋದರೆ ಎಂದು ಅಲ್ಲಿನ ಪ್ರತಿಯೊಂದು ಮಾಹಿತಿಯ ನಕಲನ್ನೂ ಇನ್ನೊಂದು ಊರಿನಲ್ಲಿ ಕಾಪಾಡುತ್ತಿದ್ದ. ಆ ಅಭ್ಯಾಸ ಮನೆಗೂ ಹಬ್ಬಿತ್ತು. ಬೀಗದ ಕೈ ಎರಡು ಜೊತೆ, ಕನ್ನಡಕ ಎರಡು, ಮೊಸರಿಗೆ ಹೆಪ್ಪು ಎರಡು ಬಟ್ಟಲಲ್ಲಿ. ಹೆಂಡತಿಯೊಬ್ಬಳನ್ನು ಬಿಟ್ಟರೆ ಆ ಮನೆಯಲ್ಲಿ ಎಲ್ಲವೂ ಎರಡೆರಡಿದ್ದವು.

ಒಂದೇ ಒಂದಿದ್ದದ್ದು ಗ್ರೀನ್ ಕಾರ್ಡಿನ ಆಸೆ. ಅದಕ್ಕೆ ಬ್ಯಾಕಪ್ ಇರಲಿಲ್ಲ. ಹನ್ನೊಂದು ವರ್ಷ ಸರದಿಯಲ್ಲಿ ಕಾದಿದ್ದ. ವೀಸಾ ಕಂಪನಿಯ ಕೈಯಲ್ಲಿ, ಕಂಪನಿ ಇನ್ನಾರದೋ ಕೈಯಲ್ಲಿ. ಮ್ಯಾನೇಜರು ಸುಮ್ಮನೆ ಸೀನಿದರೂ ಬದರಿನಾಥನಿಗೆ ಸಾಮಾನು ಕಟ್ಟುವ ಕನಸು ಬೀಳುತ್ತಿತ್ತು. ಹರಿಣಿಯ ಕಾರ್ಡೂ ಅವನ ಕಾರ್ಡಿನ ಸೆರಗು ಹಿಡಿದೇ ಬರಬೇಕು. ಶುಕ್ರವಾರ ಒಂದು ಗಂಟೆಗೆ, ಅಟ್ಲಾಂಟಾದ ಆಫೀಸಿನಲ್ಲಿ ಇಬ್ಬರಿಗೂ ಇಂಟರ್ವ್ಯೂ. ಅದೊಂದು ದಾಟಿಬಿಟ್ಟರೆ ಮಲಗಿ ನಿದ್ದೆ ಮಾಡಬಹುದು.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಶರಟು ಹಾಕಿಕೊಂಡು, ಊಟದ ಮೇಜಿನ ಮೇಲೆ ಚೆಕ್ಕನ್ನಿಟ್ಟು ಬದರಿನಾಥ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದ. ಚೆಕ್ಕಿನ ಫೋಟೋ ಕಳಿಸಿದರೆ ಸಾಕು, ದುಡ್ಡು ಜಮೆಯಾಗುತ್ತಿತ್ತು. ಹಿಂಬದಿಗೆ ಇಬ್ಬರೂ ಸಹಿ ಮಾಡಿದ್ದಾಯಿತು. ಫೋಟೋ ತೆಗೆದ. ‘ನಾಲ್ಕು ಮೂಲೆಗಳು ಕಾಣುತ್ತಿಲ್ಲ’ ಎಂದಿತು ಆ್ಯಪು. ಮತ್ತೆ ತೆಗೆದ. ‘ಮೂಲೆಗಳು ಕಾಣುತ್ತಿಲ್ಲ.’ ಕುರ್ಚಿ ಹತ್ತಿ ಮೇಲಿನಿಂದ ತೆಗೆದ. ಮೂಲೆಗಳು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಮೇಜಿನ ಮೇಲಿದ್ದದ್ದು ಹಳದಿ ಬಟ್ಟೆ, ಚೆಕ್ಕಿನ ಮೂಲೆಗಳೂ ಹಳದಿ.

“ಅದಕ್ಕೆ ಕಣ್ಣು ಕಾಣಿಸಲ್ವಾ?” ಎಂದರು ಅತ್ತೆ. “ಪೊರೆ ತೆಗೆಸಿರೋ ನಂಗೇ ಕಾಣ್ತಿದೆ.”

“ಕಪ್ಪು ಬಟ್ಟೆ ಮೇಲಿಡ್ಬೇಕು ಅಮ್ಮ,” ಎಂದಳು ಹರಿಣಿ.

“ಶುಕ್ರವಾರ ಲಕ್ಷ್ಮೀನ ಕಪ್ಪು ಬಟ್ಟೆ ಮೇಲೆ ಕೂರಿಸ್ತೀಯಾ? ಚೆನ್ನಾಗಿದೆ.”

ಬದರಿನಾಥ ಒದ್ದೆ ಟಿಶ್ಯೂ ಹಿಡಿದು ಒಂದು ಮೂಲೆಯನ್ನು ಮೆಲ್ಲಗೆ ಒರೆಸಹೋದ. ಅತ್ತೆ ಉಸಿರೆಳೆದುಕೊಂಡ ಸದ್ದಿಗೆ ಕೈ ಅಲ್ಲೇ ನಿಂತಿತು. ಕೊನೆಗೆ ರಾಜಿಯಾಯಿತು: ಅತ್ತೆಯ ಕಡುಹಸಿರು ರೇಷ್ಮೆ ಸೀರೆಯ ಒಡಲಿನ ಮೇಲೆ ಚೆಕ್ಕನ್ನು ಮಲಗಿಸಿದರು. ಆ್ಯಪಿಗೆ ತಟ್ಟನೆ ದೃಷ್ಟಿ ಬಂತು. ನಾಲ್ಕು ಮೂಲೆಯೂ ಕಂಡವು. ಮೊತ್ತ ಬರೆದ. ಆಗ ಅದು ಇನ್ನೊಂದು ಮಾತು ಹೇಳಿತು: ನಿಮ್ಮ ಅಕೌಂಟಿನಲ್ಲಿ ಫೋನಿನ ಮೂಲಕ ದಿನಕ್ಕೆ ಹಾಕಬಹುದಾದದ್ದು ಐದು ಸಾವಿರ ಮಾತ್ರ.

“ಹನ್ನೊಂದು ವರ್ಷದಿಂದ ಈ ದೇಶದಲ್ಲಿದೀನಿ. ಇನ್ನೂ ನಂಬಿಕೆ ಇಲ್ವಾ ನನ್ಮೇಲೆ?” ಎಂದ ಬದರಿನಾಥ ದನಿ ತಗ್ಗಿಸಿ.

“ಅಕೌಂಟ್ ಮಾಡ್ಸಿ ಎರಡು ವರ್ಷ ಆಯ್ತಷ್ಟೆ. ಅದಕ್ಕೇ ಲಿಮಿಟ್ ಕಮ್ಮಿ. ನಂದೂ ಇದೇ ಬ್ಯಾಂಕು, ಇಲ್ಲಿ ಕಾಲೇಜಲ್ಲಿ ಓದ್ತಿದ್ದಾಗಿನ ಅಕೌಂಟು, ಹತ್ತು ಸಾವಿರದ ತನಕ ತಗೊಳತ್ತೆ. ಕೊಡಿ ಇಲ್ಲಿ,” ಎಂದು ಹರಿಣಿ ತನ್ನ ಫೋನಿನಲ್ಲಿ ಚಕಚಕನೆ ಎರಡು ಫೋಟೋ ತೆಗೆದಳು. ಪುಟ್ಟ ಚಕ್ರವೊಂದು ತಿರುಗಿ ತಿರುಗಿ ನಿಂತಿತು. ‘ಬಂದು ತಲುಪಿದೆ. ಪರಿಶೀಲನೆಯಲ್ಲಿದೆ.’

“ಆಯ್ತು ನೋಡಿ,” ಎಂದಳು ಹರಿಣಿ.

ಬದರಿನಾಥನಿಗೆ ಆಗಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಆ ಒಂದು ಪದವನ್ನು ಅವನು ವಲಸೆ ಇಲಾಖೆಯ ವೆಬ್‌ಸೈಟಿನಲ್ಲಿ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಓದಿದ್ದ. ಚೆಕ್ಕನ್ನು ಮಡಿಸದೆ ಜೇಬಿಗಿಟ್ಟುಕೊಂಡ.

ಕಾರಿಲ್ಲದ ಅವರನ್ನು ಅಟ್ಲಾಂಟಾಕ್ಕೆ ಕರೆದೊಯ್ಯಲು ಪಕ್ಕದ ಮನೆಯ ಬಸವಂತಪ್ಪ ಒಪ್ಪಿದ್ದರು. ಧಾರವಾಡದ ಕಡೆಯವರು, ನಿವೃತ್ತ ಎಂಜಿನಿಯರು. ಸೇತುವೆ ಕಟ್ಟುವುದನ್ನು ಬಿಟ್ಟ ಮೇಲೆ ಸಲಹೆ ಕೊಡುವುದನ್ನು ಹಿಡಿದಿದ್ದರು. ಅವರ ವ್ಯಾನು ಬೀದಿ ದಾಟುವ ಮೊದಲೇ ಚೆಕ್ಕಿನ ಕತೆಯೆಲ್ಲ ಅವರ ಕಿವಿ ಸೇರಿತ್ತು.

“ಫೋಟೋ ಹಾಕೀರಿ? ಬರೇ ಫೋಟೋ?” ಎಂದರು ಅವರು. “ಫೋಟೋಕ್ಕ ಏನ್ ಕಿಮ್ಮತ್ತದ ರೀ. ನಮ್ಮ ಮದುವಿ ಫೋಟೋದಾಗ ನಾನೂ ಚಂದ ಕಾಣ್ತೀನಿ. ಖರೇ ಕಾಗದ ಎಲ್ಲೈತಿ?”

“ಜೇಬಲ್ಲಿದೆ ಅಂಕಲ್.”

“ಮತ್ತ? ಅದನ್ನ ಏಟಿಎಮ್ಮಿಗೆ ಹಾಕ್ರಿ. ಅದಕ್ಕ ಲಿಮಿಟ್ಟೂ ಇಲ್ಲ, ಗಿಮಿಟ್ಟೂ ಇಲ್ಲ.”

ಬದರಿನಾಥನ ಎದೆಯೊಳಗೆ ಹದಿನೈದು ವರ್ಷದ ಕಸುಬು ತಲೆಯೆತ್ತಿತು. ಒಂದು ಕಡೆ ಇದ್ದದ್ದು ಇನ್ನೊಂದು ಕಡೆಯೂ ಇರಬೇಕು. ಹಿಂದಿನ ಸೀಟಿನಲ್ಲಿ ಇಂಟರ್ವ್ಯೂ ಕಾಗದಗಳ ಎರಡು ಚೀಲಗಳ ನಡುವೆ ಕೂತಿದ್ದ ಹರಿಣಿ ಕೇಳಿದಳು.

“ರೀ, ಆಗ್ಲೇ ಹಾಕಿದ್ವಲ್ಲ?”

“ಅದು ಪ್ರೈಮರಿ. ಇದು ಬ್ಯಾಕಪ್. ಅದು ಹೋದ್ರೆ ಇದು, ಇದು ಹೋದ್ರೆ ಅದು.”

“ಎರಡೂ ಹೋಗ್ದೇ ಇದ್ರೆ?”

ಬದರಿನಾಥ ತನ್ನ ಕೆಲಸದ ಜೀವನದಲ್ಲಿ ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಬಸವಂತಪ್ಪ ವ್ಯಾನನ್ನು ಬ್ಯಾಂಕಿನ, ಗಾಡಿಯಲ್ಲಿ ಕೂತೇ ಬಳಸುವ ಡ್ರೈವ್-ಥ್ರೂ ಏಟಿಎಮ್ಮಿನ ಮುಂದೆ ತಂದು ನಿಲ್ಲಿಸಿದ್ದರು. ವ್ಯಾನು ಎತ್ತರ, ಮಷಿನು ತಗ್ಗು. ಬದರಿನಾಥ ಬಸವಂತಪ್ಪನವರ ತೊಡೆಯ ಮೇಲಿಂದ ಹಾದು, ಸೊಂಟದವರೆಗೂ ಅವರ ಕಿಟಕಿಯಿಂದ ಹೊರಗೆ ಬಿದ್ದು, ಬಾವಿಗೆ ಬಗ್ಗಿದ ಹುಡುಗನ ಹಾಗೆ ಜೋತಾಡುತ್ತ, ಹರಿಣಿ ಬೆಲ್ಟು ಹಿಡಿದುಕೊಂಡಿರಲು, ತನ್ನ ಕಾರ್ಡು ತೂರಿಸಿ ಚೆಕ್ಕನ್ನು ಮಷಿನಿನ ಬಾಯಿಗಿಟ್ಟ. ಅದು ಅರಿಶಿನವನ್ನು ಮೂಸಿ ನೋಡಲಿಲ್ಲ, ಕುಂಕುಮವನ್ನು ಕೇಳಲಿಲ್ಲ. ಗುಟುಕ್ಕನೆ ನುಂಗಿತು. ‘ನಿಮ್ಮ ಡೆಪಾಸಿಟ್ ಬಂದಿದೆ. ಧನ್ಯವಾದ.’ ರಸೀದಿಯ ಕಾಗದ ಮುಗಿದಿತ್ತು.

ಹತ್ತು ಗಂಟೆ. ರಾಹು ಇನ್ನೂ ಹಲ್ಲುಜ್ಜುತ್ತಿದ್ದ ಹೊತ್ತು. ಬದರಿನಾಥ ಸೀಟಿಗೊರಗಿ ಕಣ್ಣು ಮುಚ್ಚಿದ. ಆ ವಾರದಲ್ಲಿ ಅವನು ಹೆದರದೆ ಇದ್ದದ್ದು ಆ ಐದು ನಿಮಿಷ ಮಾತ್ರ.

ವ್ಯಾನು ನಾನ್ನೂರನೇ ಹೆದ್ದಾರಿ ಸೇರುತ್ತಿದ್ದಂತೆ ಹರಿಣಿಯ ಫೋನು ಟಿಣ್ ಎಂದಿತು. ಅವಳು ಓದಿದಳು, ಮತ್ತೆ ಓದಿದಳು.

“ರೀ, ದುಡ್ಡನ್ನ ಹೋಲ್ಡ್‌ನಲ್ಲಿ ಇಟ್ಟಿದಾರಂತೆ. ಚೆಕ್ ಪಾಸಾಗೋದು ಅನುಮಾನ ಅಂತೆ. ಮುಂದಿನ ವಾರದ ತನಕ ಮುಟ್ಟೋ ಹಾಗಿಲ್ಲ.”

ಅದೇ ಹೊತ್ತಿಗೆ ಬದರಿನಾಥನ ಫೋನೂ ಟಿಣ್ ಎಂದಿತು. ಅವನ ಅಕೌಂಟಿನಲ್ಲಿ ಏಳು ಸಾವಿರ ಕುಳಿತಿತ್ತು. ಹೆಂಡತಿಯ ಅಕೌಂಟಿನಲ್ಲೂ ಏಳು ಸಾವಿರ. ಒಂದು ಜಿಂಕೆ, ಒಂದು ಕಾರು, ಹದಿನಾಲ್ಕು ಸಾವಿರ ಡಾಲರ್. ಇದಕ್ಕೆ ಅವನ ಕಸುಬಿನಲ್ಲಿ ಬ್ಯಾಕಪ್ ಅನ್ನುತ್ತಾರೆ. ಬೇರೆಯವರ ಕಸುಬಿನಲ್ಲಿ ಏನನ್ನುತ್ತಾರೋ ತಿಳಿಯಲಿಲ್ಲ.

ತಿಳಿಸುವವನು ಆಗಲೇ ಫೋನು ಮಾಡಿದ. ಚಿರಂತನ್, ಬದರಿನಾಥನ ಟೀಮಿನ ಹುಡುಗ. ಇಂಟರ್ನೆಟ್ಟಿನಲ್ಲಿ ಯಾರಿಗೆ ಯಾವ ಕೇಡಾಯಿತೆಂಬುದನ್ನೆಲ್ಲ ಊಟದ ಹೊತ್ತಿನಲ್ಲಿ ಓದಿ ನೆನಪಿಟ್ಟುಕೊಳ್ಳುವವನು. ಬದರಿನಾಥ ಸ್ಪೀಕರ್ ಹಾಕಿದ.

“ಆಲ್ ದಿ ಬೆಸ್ಟ್ ಬದರಿ ಅಣ್ಣಾ. ಟೆನ್ಷನ್ ತಗೋಬೇಡಿ.”

“ಇಲ್ಲ ಕಣೋ. ಸುಮ್ನೆ ಒಂದು ಡೌಟು. ಒಂದೇ ಚೆಕ್ನ ಫೋನಲ್ಲೂ ಹಾಕಿ, ಏಟಿಎಮ್‌ನಲ್ಲೂ ಹಾಕಿದ್ರೆ ಏನಾಗತ್ತೆ? ನನ್ ಫ್ರೆಂಡ್ ಒಬ್ರು ಕೇಳ್ತಿದ್ರು.”

“ಅಣ್ಣಾ, ಆ ಫ್ರೆಂಡ್‌ಗೆ ಲಾಯರ್ ಇದಾರಾ?”

ಹರಿಣಿ ಮುಂದಕ್ಕೆ ಬಾಗಿದಳು. “ಹೆದರಿಸ್ಬೇಡ ಚಿರಂತನ್. ಏನಾಗತ್ತೆ ಹೇಳು.”

“ಚೆಕ್ ಫ್ರಾಡ್ ಅಂತಾರೆ ಅತ್ತಿಗೆ. ಒಬ್ಬನ ಅಕೌಂಟ್ ಕ್ಲೋಸ್ ಮಾಡಿದ್ರು. ಇನ್ನೊಬ್ಬನ ಮನೆಗೆ ಪೊಲೀಸ್ ಬಂದಿದ್ರಂತೆ. ನಾಯಿ ಸಮೇತ.”

“ನಾಯಿ ಯಾಕ?” ಎಂದರು ಬಸವಂತಪ್ಪ. “ಚೆಕ್ಕಿಗಿ ಏನು ವಾಸನಿ ಇರ್ತದೇನು?”

“ಇದಕ್ಕೆ ಇದೆಯಲ್ಲ ಅಂಕಲ್, ಅರಿಶಿನ,” ಎಂದ ಬದರಿನಾಥ. ದನಿ ಕೀರಲಾಗಿತ್ತು.

ಹೆದ್ದಾರಿಯ ಎರಡೂ ಬದಿಯ ಪೈನ್ ಮರಗಳು ಅವನಿಗೀಗ ಕೈಕಟ್ಟಿ ನಿಂತ ಸಾಕ್ಷಿಗಳ ಹಾಗೆ ಕಂಡವು. ಹಿಂದಿನ ಸೀಟಿನ ಚೀಲಕ್ಕೆ ಕೈಹಾಕಿ ತನ್ನ ಗ್ರೀನ್ ಕಾರ್ಡ್ ಅರ್ಜಿಯ ಪ್ರತಿಯನ್ನು ತೆಗೆದು ಪುಟ ಮಗುಚಿದ. ಆ ಪ್ರಶ್ನೆ ಅಲ್ಲೇ ಇತ್ತು. ನೂರು ಸಲ ಓದಿದ್ದ, ನೂರು ಸಲವೂ ನಕ್ಕು ‘ಇಲ್ಲ’ ಎಂದಿದ್ದ.

“‘ನೀವು ಎಂದಾದರೂ ಅಪರಾಧ ಮಾಡಿ, ಬಂಧನಕ್ಕೆ ಒಳಗಾಗದೆ ಉಳಿದಿದ್ದೀರಾ?’” ಎಂದು ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದ. “ಹರಿಣಿ, ಇದಕ್ಕೇನು ಹೇಳ್ಲಿ?”

“ಇಲ್ಲ ಅನ್ನಿ.”

“ಆದ್ರೆ ಎರಡು ಸಲ ಹಾಕಿದ್ದೀನಲ್ಲ.”

“ರೀ, ಅದು ಅಪರಾಧ ಅಲ್ಲ, ಪೆದ್ದುತನ. ಅರ್ಜಿಲಿ ಪೆದ್ದುತನದ ಪ್ರಶ್ನೆ ಇಲ್ಲ.”

“ಬಲಗೈ ಎತ್ತಿಸಿ ಪ್ರಮಾಣ ಮಾಡಿಸ್ತಾರೆ. ಆಮೇಲೆ ಸುಳ್ಳು ಹೇಳಿದ್ರೆ ಅದು ಇನ್ನೊಂದು ಅಪರಾಧ. ಆಗ ಎರಡಾಗತ್ತೆ.”

“ನಿಮಗೆ ಎಲ್ಲಾ ಎರಡೆರಡು ಬೇಕಲ್ಲ,” ಎಂದಳು ಹರಿಣಿ.

ಬಸವಂತಪ್ಪ ಓರೆಗಣ್ಣಿನಲ್ಲಿ ಅವನನ್ನು ನೋಡಿದರು. “ಬದರಿ, ಒಂದ್ ಕೆಲಸ ಮಾಡ್ರಿ. ಬ್ಯಾಂಕಿಗೆ ಫೋನ್ ಹಚ್ಚಿ, ತಪ್ಪಾತು, ಒಂದನ್ನ ವಾಪಸ್ ಕೊಡ್ರಿ ಅಂತ ಹೇಳ್ರಿ. ನಾವಾಗಿ ಹೇಳಿದ್ರ ಕಳ್ಳ ಅನ್ನಂಗಿಲ್ಲ.”

ಹೆಚ್ಚುಕಡಿಮೆ ಜಾಣತನದ ಮಾತಾಗಿತ್ತು. ಬದರಿನಾಥ ಫೋನು ಹಚ್ಚಿದ. ಬ್ಯಾಂಕಿನ ಯಂತ್ರ ಅವನನ್ನು ಒಂದು ಒತ್ತು, ನಾಲ್ಕು ಒತ್ತು, ಮತ್ತೆ ಒಂದು ಒತ್ತು ಎಂದು ಆಡಿಸಿ, ಪಿಟೀಲು ಕೇಳಿಸಿ, ‘ಈ ಮಾತುಕತೆಯನ್ನು ದಾಖಲಿಸಿಕೊಳ್ಳಲಾಗುತ್ತಿದೆ’ ಎಂದಿತು. ದಾಖಲೆ ಎಂಬ ಮಾತಿಗೆ ಅವನ ಅಂಗೈ ಬೆವೆತು ಫೋನು ಜಾರಿತು. ಸೀಟಿನ ಕೆಳಗಿಂದ ಎತ್ತಿಕೊಳ್ಳುವಷ್ಟರಲ್ಲಿ ಹೆಣ್ಣುದನಿಯೊಂದು ಬಂದಿತ್ತು.

ಬದರಿನಾಥ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆಕೆ ಇಂಗ್ಲಿಷಿನಲ್ಲಿ ಬಹಳ ಮೆತ್ತಗೆ ಉತ್ತರಿಸಿದಳು. ಎರಡೂ ಪರಿಶೀಲನೆಯಲ್ಲಿವೆ, ಸಂಬಂಧಪಟ್ಟ ವಿಭಾಗ ನೋಡುತ್ತದೆ, ದಯವಿಟ್ಟು ಮೂರನೆಯ ಸಲ ಎಲ್ಲಿಯೂ ಹಾಕಬೇಡಿ.

“ಮೇಡಂ, ನಾನು ಮಾಡಿದ್ದು ಅಪರಾಧವೇ?” ಎಂದು ಕೇಳಿದ ಬದರಿನಾಥ.

“ಅದನ್ನು ಹೇಳುವ ಅಧಿಕಾರ ನನಗಿಲ್ಲ ಸರ್. ಇನ್ನೇನಾದರೂ ಸಹಾಯ ಬೇಕೇ?”

ಅಲ್ಲ ಎಂದು ಆಕೆ ಹೇಳಲಿಲ್ಲ. ಉಳಿದ ದಾರಿಯುದ್ದಕ್ಕೂ ಬದರಿನಾಥ ಆ ಹೇಳದ ಮಾತನ್ನೇ ಅಗಿಯುತ್ತ ಕೂತ. ಅತ್ತೆ ಕಟ್ಟಿಕೊಟ್ಟಿದ್ದ ಪುಳಿಯೋಗರೆಯನ್ನು ಬಸವಂತಪ್ಪನವರೇ ಒಂದು ಕೈಯಲ್ಲಿ ವ್ಯಾನು ಓಡಿಸುತ್ತ ಮುಗಿಸಿದರು.

ವಲಸೆ ಇಲಾಖೆಯ ಕಟ್ಟಡದ ಮುಂದೆ ಇಳಿದಾಗ ಬದರಿನಾಥನ ಶರಟು ಬೆನ್ನಿಗೆ ಅಂಟಿತ್ತು. ಬಸವಂತಪ್ಪ ಕಿಟಕಿ ಇಳಿಸಿ ಪಿಸುಗುಟ್ಟಿದರು. “ತಮ್ಮಾ, ಕೇಳಿದ್ದಕ್ಕಷ್ಟ ಉತ್ತರ ಕೊಡು. ನಾ ಇಲ್ಲೇ ಪಾರ್ಕಿಂಗ್‌ದಾಗ ಇರ್ತೀನಿ. ಪೊಲೀಸ್ರು ಬಂದ್ರಂದ್ರ ವ್ಯಾನು ಚಾಲೂನ ಇಟ್ಟಿರ್ತೀನಿ.”

“ಅಂಕಲ್, ನೀವು ಸ್ವಲ್ಪ ಸುಮ್ನಿರಿ,” ಎಂದಳು ಹರಿಣಿ.

ಬಾಗಿಲಲ್ಲಿ ಕಾವಲಿನವನು ಬೆಲ್ಟು ಬಿಚ್ಚಿಸಿದ, ಜೇಬು ಖಾಲಿ ಮಾಡಿಸಿದ, ಫೋನುಗಳನ್ನು ಆಫ್ ಮಾಡಿಸಿದ. ಆಮೇಲೆ ಬದರಿನಾಥನ ಕೈಬೆರಳನ್ನು ನೋಡಿ ಹುಬ್ಬೇರಿಸಿದ. ತುದಿ ಹಳದಿಯಾಗಿತ್ತು. ಬದರಿನಾಥ ಕೈಯನ್ನು ಬೆನ್ನ ಹಿಂದೆ ಒಯ್ದ. ಹಾಗೆ ಒಯ್ದದ್ದರಿಂದ ಕಾವಲಿನವನು ಅವನನ್ನು ಇನ್ನೊಮ್ಮೆ ತಡಕಿದ.

ಕಾಯುವ ಕೋಣೆಯಲ್ಲಿ ಸಾಲುಕುರ್ಚಿ. ಒಂದು ಬಾಗಿಲು ತೆರೆಯುತ್ತಿತ್ತು, ಒಬ್ಬರ ಹೆಸರು ಕೂಗುತ್ತಿತ್ತು, ಒಳಗೆಳೆದುಕೊಂಡು ಮುಚ್ಚಿಕೊಳ್ಳುತ್ತಿತ್ತು. ಹೋದವರು ಯಾರೂ ಅದೇ ಬಾಗಿಲಲ್ಲಿ ಹೊರಗೆ ಬರಲಿಲ್ಲ. ಹಿಂದೆ ರಾಕ್ಷಸಿಯ ಗುಹೆಯ ಮುಂದೆ ಹೀಗೇ ಹೆಜ್ಜೆಗುರುತುಗಳು ಒಳಮುಖವಾಗಿ ಮಾತ್ರ ಇರುತ್ತಿದ್ದವಂತೆ. ಹೊರಹೋಗಲು ಬೇರೆ ಬಾಗಿಲಿದೆಯೆಂದು ಗೋಡೆಯ ಮೇಲೆ ಬರೆದಿತ್ತು. ಆದರೆ ಬದರಿನಾಥ ಗೋಡೆ ಓದುವ ಸ್ಥಿತಿಯಲ್ಲಿರಲಿಲ್ಲ.

“ರೀ, ನನ್ನ ನೋಡಿ,” ಎಂದಳು ಹರಿಣಿ. “ಆ ಪ್ರಶ್ನೆ ಬಂದಾಗ ಏನು ಹೇಳ್ತೀರಾ?”

“ಇಲ್ಲ.”

“ಇನ್ನೊಂದ್ಸಲ.”

“ಇಲ್ಲ.”

“ಜಾಣ. ಹಾಗೇ.”

ಬಾಗಿಲು ಅವರ ಹೆಸರನ್ನು ತನಗೆ ತೋಚಿದಂತೆ ಮುರಿದು ಕೂಗಿತು.

ಅಧಿಕಾರಿ ಐವತ್ತು ದಾಟಿದ ಹೆಂಗಸು. ಮೂಗಿನ ತುದಿಗೆ ಕನ್ನಡಕ, ಕುರ್ಚಿಯ ಬೆನ್ನಿಗೆ ನೇಯ್ದ ಶಾಲು, ಮೇಜಿನ ಮೇಲೆ ಪುದೀನ ಪೆಪ್ಪರ್‌ಮಿಂಟಿನ ಬಟ್ಟಲು. ಹೆದರಲು ಏನೂ ಇರಲಿಲ್ಲ, ಅದಕ್ಕೇ ಬದರಿನಾಥನಿಗೆ ಹೆಚ್ಚು ಹೆದರಿಕೆಯಾಯಿತು. ಕತೆಗಳಲ್ಲಿ ಒಳ್ಳೆಯ ಅಜ್ಜಿಯ ಹಾಗೆ ಕೂತಿದ್ದು ಬಾಗಿಲು ಹಾಕಿದ ಮೇಲೆ ಉಗುರು ತೋರಿಸುವವಳು ಇಂಥವಳೇ.

ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಹೆಸರು, ಹುಟ್ಟಿದ ದಿನ, ಮದುವೆಯಾದ ದಿನ. ಮದುವೆಯ ದಿನವನ್ನು ಬದರಿನಾಥ ಮೊದಲ ಸಲಕ್ಕೇ ಸರಿಯಾಗಿ ಹೇಳಿದ್ದಕ್ಕೆ ಹರಿಣಿಗೇ ಅಚ್ಚರಿಯಾಯಿತು. ಏನು ಕೆಲಸವೆಂದು ಕೇಳಿದಾಗ ಬ್ಯಾಕಪ್ ಎಂಬುದನ್ನು ಎರಡೆರಡು ಸಲ ಹೇಳಿದ. ಹರಿಣಿ ತನ್ನ ಕಾಲನ್ನು ಮೆಲ್ಲನೆ ಅವನ ಬೂಟಿನ ಮೇಲಿಟ್ಟು ಸಿದ್ಧಳಾದಳು.

ಅಧಿಕಾರಿ ಪುಟ ತಿರುಗಿಸಿ, ತರಕಾರಿ ಪಟ್ಟಿ ಓದುವ ದನಿಯಲ್ಲಿ ಶುರುಮಾಡಿದರು. ಯಾವುದಾದರೂ ಸರ್ಕಾರವನ್ನು ಉರುಳಿಸಲು ಯತ್ನಿಸಿದ್ದೀರಾ? ಇಲ್ಲ. ಭಯೋತ್ಪಾದಕ ಸಂಘಟನೆಯಲ್ಲಿದ್ದಿರಾ? ಇಲ್ಲ. ಶಸ್ತ್ರಾಸ್ತ್ರ ಮಾರಿದ್ದೀರಾ? ಇಲ್ಲ. ಇಲ್ಲ ಎಂಬುದು ಬಾಯಿಗೆ ಪಳಗಿತು. ಬದರಿನಾಥನ ಬೆನ್ನು ನೆಟ್ಟಗಾಗತೊಡಗಿತು. ಅಧಿಕಾರಿ ಒಂದು ಪೆಪ್ಪರ್‌ಮಿಂಟ್ ಬಿಚ್ಚಿದರು.

“ಎಂದಾದರೂ ಅಪರಾಧ ಮಾಡಿ, ಬಂಧನಕ್ಕೆ ಒಳಗಾಗದೆ ಉಳಿದಿದ್ದೀರಾ?”

ಹರಿಣಿ ತುಳಿದಳು. ಬದರಿನಾಥ ಬಾಯಿ ತೆರೆದ. ‘ಇಲ್ಲ’ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗಿದ್ದವರು ಕನ್ನಡಕದ ಮೇಲಿಂದ, ಡಬ್ಬಿಯಲ್ಲಿ ಚಕ್ಕುಲಿ ಕಮ್ಮಿಯಾದುದನ್ನು ಕಂಡ ಅಜ್ಜಿಯ ಹಾಗೆ ನೋಡಿದರು. ಅಷ್ಟೇ ಸಾಕಾಯಿತು.

“ಇವತ್ತು ಬೆಳಿಗ್ಗೆ ಹತ್ತು ಗಂಟೆಯವರೆಗೆ ಇಲ್ಲ, ಮೇಡಂ,” ಎಂದ.

ಪೆಪ್ಪರ್‌ಮಿಂಟು ಬಾಯಿಯ ದಾರಿಯಲ್ಲೇ ನಿಂತಿತು. ಹರಿಣಿ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಅವನನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಜಿಂಕೆ ಬಂತು, ಅತ್ತೆ ಬಂದರು, ಅರಿಶಿನ, ಹಸಿರು ಸೀರೆ, ಐದು ಸಾವಿರದ ಲಿಮಿಟ್ಟು, ಹೆಂಡತಿಯ ಹಳೆಯ ಅಕೌಂಟು, ಬಸವಂತಪ್ಪನವರ ಮದುವೆಯ ಫೋಟೋ, ಏಟಿಎಮ್ಮು, ಚಿರಂತನ್, ಪೊಲೀಸರ ನಾಯಿ. ಒಂದನ್ನೂ ಬಿಡಲಿಲ್ಲ. ಅಧಿಕಾರಿ ಮೊದಲು ಬರೆದುಕೊಂಡರು, ಆಮೇಲೆ ಪೆನ್ನು ಕೆಳಗಿಟ್ಟರು, ಆಮೇಲೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ನಗುತ್ತಿದ್ದರು.

“ಆ ಹಣ ಖರ್ಚು ಮಾಡಿದಿರಾ?”

“ಇಲ್ಲ ಮೇಡಂ. ಅವಳದು ಹೋಲ್ಡ್‌ನಲ್ಲಿದೆ. ನನ್ನದನ್ನು ನೋಡಲೂ ಭಯ.”

“ನನ್ನ ಬ್ಯಾಂಕಿನವರು ಕಳೆದ ತಿಂಗಳು ನನ್ನ ಚೆಕ್ಕನ್ನೂ ಒಂಬತ್ತು ದಿನ ಕೂರಿಸಿಕೊಂಡಿದ್ದರು,” ಎಂದು ಅವರು ನಿಟ್ಟುಸಿರಿಟ್ಟರು. “ಕೇಳಿ, ನನಗೆ ತೋರುವಂತೆ ಇದು ಅಪರಾಧವಲ್ಲ. ನೀವು ಇಲ್ಲ ಎಂದಿದ್ದರೆ ಅದೂ ಸುಳ್ಳಾಗುತ್ತಿರಲಿಲ್ಲ. ಈ ಒಂದು ಪುಟ ಮುಗಿಸಿ ಇಬ್ಬರಿಗೂ ಈಗಲೇ ಮಂಜೂರು ಮಾಡುವವಳಿದ್ದೆ.”

ಬದರಿನಾಥನ ಮುಖದಲ್ಲಿ ಬೆಳಕು ಮೂಡಿತು. ‘ಇದ್ದೆ’ ಎಂಬುದನ್ನು ಹರಿಣಿ ಮಾತ್ರ ಗಮನಿಸಿದ್ದಳು.

“ಆದರೆ ನೀವು ಪ್ರಮಾಣ ಮಾಡಿ ಹೇಳಿದ್ದೀರಿ, ನಾನು ಬರೆದುಕೊಂಡಿದ್ದೇನೆ. ಬರೆದದ್ದನ್ನು ಅಳಿಸುವಂತಿಲ್ಲ. ಒಂದೇ ಚೆಕ್ಕು ಎರಡು ಸಲ ಬಂದ ವಿಷಯ ಇತ್ಯರ್ಥವಾಗಿದೆ ಎಂದು ಬ್ಯಾಂಕಿನಿಂದ ಒಂದು ಪತ್ರ ತಂದುಕೊಡಿ. ಅಲ್ಲಿಯವರೆಗೆ ಫೈಲು ಹೋಲ್ಡ್‌ನಲ್ಲಿರುತ್ತದೆ.”

“ಎಷ್ಟು ದಿನ ಮೇಡಂ?”

“ಪತ್ರ ಬಂದ ಮೇಲೆ ಸರದಿಗೆ ಸೇರುತ್ತದೆ. ದಿನ ಹೇಳುವ ಪದ್ಧತಿ ನಮ್ಮಲ್ಲಿಲ್ಲ,” ಎಂದರು ಅಧಿಕಾರಿ. ಇಬ್ಬರಿಗೂ ಒಂದೊಂದು ಪೆಪ್ಪರ್‌ಮಿಂಟು ಕೊಟ್ಟರು.

ಪಾರ್ಕಿಂಗಿನಲ್ಲಿ ಬಸವಂತಪ್ಪ ವ್ಯಾನನ್ನು ಚಾಲೂ ಇಟ್ಟುಕೊಂಡೇ ಕೂತಿದ್ದರು. ಇಬ್ಬರೂ ಬೇಡಿಯಿಲ್ಲದೆ ಬರುವುದನ್ನು ಕಂಡು ಆಫ್ ಮಾಡಿದರು. ಹರಿಣಿ ಹಿಂದೆ ಹತ್ತಿ ಬಾಗಿಲನ್ನು ಎಳೆದ ರಭಸಕ್ಕೆ ಏನಾಯಿತೆಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.

“ಒಂದು ಲೆಟರ್ ತಾನೇ. ತರ್ತೀನಿ,” ಎಂದ ಬದರಿನಾಥ. “ಇವತ್ತೇ ಕೇಳ್ತೀನಿ. ಎರಡು ಕಾಪಿ.”

ಬದರಿನಾಥ ಫೋನು ಆನ್ ಮಾಡಿದ. ಹಿಂದಿನ ಸೀಟಿನಲ್ಲಿ ಹರಿಣಿಯ ಫೋನೂ ಜೀವ ತಳೆದು ಟಿಣ್ ಎಂದಿತು. ಹೋಲ್ಡ್ ತೆಗೆದಿದ್ದರು. ಏಳು ಸಾವಿರವೂ ಈಗಿನಿಂದಲೇ ಅವಳ ಕೈಗೆ. ಸಂದೇಶ ಬಂದ ಹೊತ್ತು ಹನ್ನೆರಡು ಮುಕ್ಕಾಲು. ಅವರು ಫೋನು ಆಫ್ ಮಾಡಿ ಕಾಯುವ ಕೋಣೆಯಲ್ಲಿ ‘ಇಲ್ಲ’ ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದಾಗ.

ಬದರಿನಾಥ ತನ್ನ ಅಕೌಂಟು ತೆರೆದ. ಅಲ್ಲಿ ಏಳು ಸಾವಿರ ಇರಲಿಲ್ಲ. ಕೆಳಗೆ ಜಾರಿಸಿದ, ಮೇಲೆ ಜಾರಿಸಿದ. ಏಟಿಎಮ್ಮಿನಲ್ಲಿ ಹಾಕಿದ ಗುರುತೇ ಇರಲಿಲ್ಲ. ಕೂಡಲೇ ಬ್ಯಾಂಕಿಗೆ ಫೋನು ಹಚ್ಚಿದ. ಒಂದು ಒತ್ತಿ, ನಾಲ್ಕು ಒತ್ತಿ, ಮತ್ತೆ ಒಂದು ಒತ್ತಿ, ಪಿಟೀಲು ಮುಗಿದು ಮನುಷ್ಯದನಿ ಬಂತು. ಈ ಸಲ ಹುಡುಗನೊಬ್ಬ, ಬಹಳ ಉತ್ಸಾಹಿ.

“ಸಂತೋಷದ ಸುದ್ದಿ ಸರ್. ನಿಮ್ಮ ಪತ್ನಿಯವರ ಚೆಕ್ಕು ಪಾಸಾಗಿದೆ. ನಿಮ್ಮ ಅಕೌಂಟಿನಲ್ಲಿ ಯಾವ ಸಮಸ್ಯೆಯೂ ಇಲ್ಲ.”

“ಸಮಸ್ಯೆ ಇತ್ತು,” ಎಂದ ಬದರಿನಾಥ. “ಅದೇ ಚೆಕ್ಕನ್ನು ನಾನು ಬೆಳಿಗ್ಗೆ ಏಟಿಎಮ್ಮಿಗೂ ಹಾಕಿದ್ದೆ. ಅದು ಇತ್ಯರ್ಥವಾಗಿದೆ ಅಂತ ಒಂದು ಪತ್ರ ಬೇಕು.”

ಕೀಲಿಮಣೆಯ ಸದ್ದು ಬಹಳ ಹೊತ್ತು ಕೇಳಿತು.

“ಸರ್, ಇವತ್ತು ನಿಮ್ಮ ಅಕೌಂಟಿಗೆ ಯಾವ ಚೆಕ್ಕೂ ಬಂದಿಲ್ಲ. ಎರಡನೆಯ ಸಲ ಬಂದದ್ದನ್ನು ನಮ್ಮ ಸಿಸ್ಟಮ್ ತಾನಾಗಿಯೇ ಗುರುತಿಸಿ ತೆಗೆದುಬಿಡುತ್ತದೆ. ತೆಗೆದ ಮೇಲೆ ನಮಗೂ ಕಾಣುವುದಿಲ್ಲ. ಅಷ್ಟು ಸ್ವಚ್ಛ ಸರ್.”

“ತೆಗೆದದ್ದಕ್ಕೇ ಒಂದು ಪತ್ರ ಕೊಡಿ.”

“ಇಲ್ಲದೆ ಇರುವುದು ಮುಗಿದಿದೆ ಎಂದು ಹೇಗೆ ಬರೆದುಕೊಡಲಿ ಸರ್? ನಿಮ್ಮ ದಾಖಲೆಯಲ್ಲಿ ಒಂದೇ ಒಂದು ತಪ್ಪೂ ಇಲ್ಲ. ನೀವು ನಮ್ಮ ಅತ್ಯುತ್ತಮ ಗ್ರಾಹಕರು.”

“ದಯವಿಟ್ಟು,” ಎಂದ ಬದರಿನಾಥ. “ನಾನು ಮಾಡಿದ್ದೇನೆ. ಪ್ರಮಾಣ ಮಾಡಿ ಹೇಳಿದ್ದೇನೆ.”

“ಅಭಿನಂದನೆಗಳು ಸರ್,” ಎಂದು ಹುಡುಗ ಫೋನಿಟ್ಟ.

ಸರ್ಕಾರದ ಫೈಲಿನಲ್ಲಿ ಅಳಿಸಲಾಗದಂತೆ ಬರೆದುಹೋದ ಅಪರಾಧ ಒಂದಿತ್ತು. ಬ್ಯಾಂಕಿನ ಸಿಸ್ಟಮಿನಲ್ಲಿ ಹುಡುಕಿದರೂ ಸಿಗದಂತೆ ಅಳಿದುಹೋದ ಅಪರಾಧವೂ ಅದೇ. ಇಡೀ ಅಟ್ಲಾಂಟಾದ ಮಾಹಿತಿಗೆ ನಕಲಿಟ್ಟವನು ತನ್ನ ಒಂದು ತಪ್ಪಿಗೆ ನಕಲಿಲ್ಲದೆ ಕೂತಿದ್ದ.

ಬಸವಂತಪ್ಪ ಗಡ್ಡ ಕೆರೆದುಕೊಂಡರು. ಸೇತುವೆ ಕಟ್ಟಿದ ತಲೆ. ಯೋಚನೆ ಒಂದು ದಡದಿಂದ ಇನ್ನೊಂದಕ್ಕೆ ಹೋಗುವುದು ಹಣೆಯ ಮೇಲೆ ಕಾಣುತ್ತಿತ್ತು.

“ಅಂದಂಗ ಬದರಿ,” ಎಂದರು. “ತಪ್ಪು ಕಂಡ್ರ ಪತ್ರ ಕೊಡ್ತಾರ, ಹೌದಲ್ಲೋ? ಆ ಚೆಕ್ಕಿನ ಫೋಟೋ ಇನ್ನೂ ನಿನ್ನ ಫೋನಿನ್ಯಾಗ ಐತೇನು? ಇನ್ನೊಂದ್ಸಲ ಹಾಕಿ ನೋಡೋಣಲ್ಲ. ಈ ಸಲ ಗಟ್ಟಿಯಾಗಿ ಸಿಕ್ಕೊಳ್ಳೋಹಂಗ.”

ಬದರಿನಾಥನ ಹೆಬ್ಬೆರಳು ಫೋನಿನ ಮೇಲೆ ಒಂದಿಷ್ಟು ಸರಿಯಿತು.

ಹರಿಣಿ ಹಿಂದಿನಿಂದ ಕೈಚಾಚಿ ಗಂಡನ ಫೋನನ್ನು ಕಿತ್ತುಕೊಂಡಳು. ತನ್ನದನ್ನೂ ಅದರ ಜೊತೆಗಿಟ್ಟಳು. ಎರಡನ್ನೂ ಸೀಟಿನ ಮೇಲಿಟ್ಟು, ಸೀರೆ ಸರಿಪಡಿಸಿಕೊಂಡು, ಅವುಗಳ ಮೇಲೆ ಕೂತಳು.

“ಅಂಕಲ್,” ಎಂದಳು, “ಮನೆಗೆ ನಡೀರಿ.”